ಟೈರ್ ಅಂಗಡಿಯವರ ಮನೆಗೆ ಹೋದ ಕಂಬದಕ್ಕ

ಬೀದಿಯವರೆಲ್ಲ ಅವಳನ್ನು ಕಂಬದಕ್ಕ ಎಂದೇ ಕರೆಯುತ್ತಿದ್ದರು. ಯಾವ ಮನೆಗೆ ಹೋದರೂ ತಲೆ ಬಗ್ಗಿಸಿಯೇ ಬಾಗಿಲು ದಾಟಬೇಕಾದಷ್ಟು ಎತ್ತರದ ಹೆಂಗಸು. ಬೀದಿದೀಪ ಕೆಟ್ಟಾಗ ‘ಬಲ್ಬು ಹಾಕೋಕೆ ಏಣಿ ಯಾಕೆ, ಅಕ್ಕನ್ನ ಕರೀರಿ’ ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗುವಾಗ ಬಾಯಿ ಸ್ವಲ್ಪ ಎಡಕ್ಕೆ ಸೊಟ್ಟಗಾಗುತ್ತಿತ್ತು. ಅದು ಗಂಡನ ಕೊಡುಗೆ.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಕುಡಿಯದಿದ್ದಾಗಲೂ ಹೊಡೆಯುತ್ತಿದ್ದ, ಹಾಗಾಗಿ ಕುಡಿತದ ಮೇಲೆ ತಪ್ಪು ಹೊರಿಸಿ ಸಮಾಧಾನ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಒಮ್ಮೆ ಬಣ್ಣದ ಉರುಳೆಯ ಉದ್ದ ಕೋಲಿನಿಂದ ದವಡೆಗೆ ಬಾರಿಸಿದ. ಮೂಳೆ ಬಿರುಕು ಬಿಟ್ಟಿತು. ಮುಂದಿನ ಸಲ ಅವನು ಕೈ ಎತ್ತಿದಾಗ ಅವಳು ಆ ಕೈಯನ್ನೇ ಹಿಡಿದು, ಬಾಗಿಲ ಸಂದಿಗೆ ತುರುಕಿ, ಭುಜ ಕೊಟ್ಟು ಬಾಗಿಲು ದಬ್ಬಿದಳು. ಬೆರಳು ಮುರಿದ ಸದ್ದು ಕೇಳಿಸಿತು. ಅವನು ಅರಚಿಕೊಳ್ಳುತ್ತಿರುವಾಗಲೇ ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು ತಂಗಿಯ ಮನೆಗೆ ಬಂದುಬಿಟ್ಟಳು. ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ.

ತಂಗಿಯ ಮನೆಯಲ್ಲಿದ್ದಾಗಲೇ ಕೆಲಸ ಸಿಕ್ಕಿತು. ಆಸ್ಪತ್ರೆಗಳಲ್ಲಿ ಮುದುಕರು ತುಂಬಿಕೊಂಡು ಹಾಸಿಗೆ ಸಾಲದೆ, ಸರ್ಕಾರ ಹೊಸದಾಗಿ ಒಂದು ಏರ್ಪಾಡು ಮಾಡಿತ್ತು. ವಯಸ್ಸಾದವರು ತಮ್ಮ ತಮ್ಮ ಮನೆಯಲ್ಲೇ ಇರಲಿ, ದಿನಕ್ಕೆ ಕೆಲವು ಗಂಟೆ ಒಬ್ಬರು ಬಂದು ಸ್ನಾನ, ಊಟ, ಔಷಧಿ ನೋಡಿಕೊಳ್ಳಲಿ, ಉಳಿದ ಹೊತ್ತು ನೋಡಿಕೊಳ್ಳುವ ಮನೆಯವರಿಗೂ ತಿಂಗಳಿಗಿಷ್ಟು ಎಂದು ಸರ್ಕಾರವೇ ಕೊಡಲಿ ಎಂಬುದು ಅದರ ತಿರುಳು. ಭಾರ ಎತ್ತಬಲ್ಲ ಗಟ್ಟಿ ಹೆಂಗಸರು ಬೇಕಾಗಿದ್ದರು. ಕಂಬದಕ್ಕನನ್ನು ನೋಡಿದವರು ಹೆಚ್ಚೇನೂ ಕೇಳಲಿಲ್ಲ. ಒಂದಿಷ್ಟು ದಿನ ತರಬೇತಿ ಕೊಟ್ಟು, ನೀಲಿ ಮೇಲಂಗಿ ಹೊದಿಸಿ ಕಳಿಸಿದರು.

ಕೆಲಸ ಅವಳಿಗೆ ಹಿಡಿಸಿತು. ಲಕ್ವ ಹೊಡೆದ ಟೀಚರಮ್ಮನನ್ನು ಮಗುವಿನ ಹಾಗೆ ಎತ್ತಿ ಕುರ್ಚಿಗೆ ಕೂರಿಸುತ್ತಿದ್ದಳು. ಕಣ್ಣು ಕಾಣದ ಅಂಚೆಯವನ ಗಡ್ಡ ಕೆರೆಯುತ್ತಾ ಅವನ ಪೋಲಿ ಜೋಕುಗಳಿಗೆ ಹುಸಿಮುನಿಸು ತೋರಿಸುತ್ತಿದ್ದಳು. ಆಮೇಲೆ ಅವಳನ್ನು ಟೈರ್ ಅಂಗಡಿಯವರ ಮನೆಗೆ ಹಾಕಿದರು.

ಟೈರ್ ಅಂಗಡಿಯವರು ಎಂದರೆ ಲಾರಿ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಗಂಡ ಹೆಂಡತಿ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಶಟರ್ ಎಳೆದು ಬಹಳ ಕಾಲವಾಗಿದ್ದರೂ ಮನೆಯ ಒಳಗೆಲ್ಲ ರಬ್ಬರಿನ ವಾಸನೆ. ಯಜಮಾನ ಒಂದು ಕಾಲಕ್ಕೆ ಲಾರಿಯ ಚಕ್ರವನ್ನು ಒಬ್ಬನೇ ಎತ್ತಿ ಕೂರಿಸುತ್ತಿದ್ದನಂತೆ. ಈಗ ತಲೆ ಪೂರ್ತಿ ಕೈಕೊಟ್ಟಿತ್ತು. ಯಾವ ಊರು, ಯಾವ ವರ್ಷ, ಎದುರಿಗಿರುವುದು ಯಾರು, ಏನೂ ತಿಳಿಯದು. ಮೈ ಮಾತ್ರ ಕಲ್ಲುಗುಂಡು. ಹೆಂಡತಿ ಗುಬ್ಬಿಯಂಥ ಮುದುಕಿ. ಅವಳ ಎಡಗೈ ಮಣಿಕಟ್ಟಿನ ಹತ್ತಿರ ಹೊರಕ್ಕೆ ತಿರುಗಿಕೊಂಡಿತ್ತು. ಎಂದೋ ಮುರಿದ ಮೂಳೆ ಸರಿಯಾಗಿ ಕೂಡಿಕೊಂಡಿರಲಿಲ್ಲ.

ಮೊದಲ ದಿನವೇ ಏಟು ಬಿತ್ತು. ಸ್ನಾನದ ಮನೆಯಲ್ಲಿ ತಲೆಗೆ ನೀರು ಹಾಕಿದ್ದೇ ತಡ, ಯಜಮಾನ ‘ಯಾರೋ ಅದು!’ ಎಂದು ಗುಡುಗಿ ಮೊಣಕೈ ಬೀಸಿದ. ಕಂಬದಕ್ಕನ ಬಾಯಿಗೆ ಬಿತ್ತು. ಕೆಳಗಿನ ಒಂದು ಹಲ್ಲು ಬೇರು ಸಹಿತ ಎದ್ದು ಬಕೆಟ್ಟಿಗೆ ಬಿತ್ತು. ನೀರು ಕೆಂಪಾಯಿತು. ಅವಳು ಯೋಚಿಸುವ ಮೊದಲೇ ಅವಳ ಕೈ ಅವನ ಎರಡೂ ಮುಂಗೈಗಳನ್ನು ಹಿಡಿದು ಗೋಡೆಗೆ ಒತ್ತಿತ್ತು. ಅವನು ಎಮ್ಮೆಯ ಹಾಗೆ ಉಸಿರು ಬಿಡುತ್ತಿದ್ದ. ಸ್ವಲ್ಪ ಹೊತ್ತಿಗೆ ಏನಾಯಿತೆಂಬುದೇ ಮರೆತು, ‘ಚಳಿ ಆಗ್ತಿದೆ’ ಎಂದ.

ಬಾಗಿಲಲ್ಲಿ ಮುದುಕಿ ನಿಂತಿದ್ದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ.

‘ನಿನಗೂ ಬಿತ್ತಾ?’ ಎಂದಳು. ‘ಬಾ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸು.’

‘ಇವರು ಮೊದಲಿಂದಾನೂ ಹೀಗೇನಾ ಅಮ್ಮಾ?’

‘ಮೊದಲು ಗುರಿ ಇಟ್ಟು ಹೊಡೀತಿದ್ರು. ಈಗ ಗುರಿ ಇಲ್ಲ, ಅಷ್ಟೇ.’

ಅಲ್ಲಿಂದ ಇಬ್ಬರಿಗೂ ಸ್ನೇಹ ಬೆಳೆಯಿತು. ಯಜಮಾನ ಮಲಗಿದ ಮೇಲೆ ಅಡುಗೆಮನೆಯ ಸ್ಟೂಲುಗಳ ಮೇಲೆ ಕೂತು ಟೀ ಕುಡಿಯುತ್ತಾ ಇಬ್ಬರೂ ತಮ್ಮ ತಮ್ಮ ಗಂಡಂದಿರು ಹೊಡೆದದ್ದನ್ನು ಸಂತೆಯ ಸುದ್ದಿ ಹೇಳಿಕೊಳ್ಳುವ ಹಾಗೆ ಹೇಳಿಕೊಂಡರು. ಒಬ್ಬಳು ದವಡೆ ತೋರಿಸಿದಳು, ಇನ್ನೊಬ್ಬಳು ಮಣಿಕಟ್ಟು ತೋರಿಸಿದಳು. ಯಜಮಾನ ಜಾಕಿಯ ಕಬ್ಬಿಣದ ಹಿಡಿಯಿಂದ ಹೊಡೆದಿದ್ದನಂತೆ. ಒಮ್ಮೆ ಹೊಟ್ಟೆಗೆ ಒದ್ದು, ಬಸುರು ಹೋಗಿ, ಆಮೇಲೆ ಮಕ್ಕಳಾಗಲಿಲ್ಲವಂತೆ. ಬಾಗಿಲ ಸಂದಿಯ ಕಥೆ ಕೇಳಿ ಮುದುಕಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ‘ಮತ್ತೊಂದ್ ಸಲ ಹೇಳು, ಬೆರಳು ಹೇಗೆ ಸದ್ದಾಯ್ತು?’ ಎಂದು ಕೇಳಿ ಹೇಳಿಸಿಕೊಂಡಳು.

ಕೆಲವು ವಾರಗಳಾದ ಮೇಲೆ, ಯಜಮಾನನ ಬೆನ್ನು ಉಜ್ಜುವಾಗ ಕಂಬದಕ್ಕನ ಕೈ ನಿಂತಿತು. ಬೆನ್ನಿನ ಮೇಲೆ ಉದ್ದುದ್ದ ಬಾಸುಂಡೆಗಳು. ಕೆಲವು ನೇರಳೆ, ಕೆಲವು ಹಳದಿಗೆ ತಿರುಗಿದ್ದವು. ತೊಡೆಯ ಹಿಂದೆಯೂ ಇದ್ದವು.

‘ಇದೇನಮ್ಮಾ?’

‘ಬೀಳ್ತಾರಲ್ಲ. ಹೋದಲ್ಲೆಲ್ಲ ಬೀಳ್ತಾರೆ,’ ಎಂದಳು ಮುದುಕಿ ಅಡುಗೆಮನೆಯಿಂದಲೇ.

ಬಿದ್ದರೆ ಗೆರೆ ಮೂಡುವುದಿಲ್ಲ ಎಂಬುದು ಏಟು ತಿಂದವರಿಗೆಲ್ಲ ಗೊತ್ತು. ಹೊರಗಿನವರು ಯಾರೂ ಆ ಮನೆಗೆ ಬರುತ್ತಿರಲಿಲ್ಲ. ಆರೈಕೆ ಕಚೇರಿಯ ಮೇಲ್ವಿಚಾರಕಿ ಆ ವಾರವೇ ಕರೆದು ‘ಟೈರ್ ಅಂಗಡಿ ಮನೆ ಹೇಗಿದೆ?’ ಎಂದು ಕೇಳಿದಳು. ಕಂಬದಕ್ಕ ‘ಪರವಾಗಿಲ್ಲ ಮೇಡಂ’ ಎಂದುಬಿಟ್ಟಳು. ಹೇಳಿದರೆ ಸಹಾಯ ನಿಲ್ಲುತ್ತದೆ, ಮುದುಕಿಯ ಅನ್ನಕ್ಕೆ ಕಲ್ಲು ಬೀಳುತ್ತದೆ ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡಳು. ಆದರೆ ಒಳಗೆ ಇನ್ನೊಂದು ಮಾತಿತ್ತು. ಏಟು ತಿನ್ನಲಿ, ಇಷ್ಟು ವರ್ಷ ತಿನ್ನಿಸಿದವನು ತಾನೇ! ಆ ಬಾಸುಂಡೆಗಳಿಗೆ ಮುಲಾಮು ಹಚ್ಚುವಾಗ ಅವಳಿಗೆ ತನ್ನ ಗಂಡನ ಬೆನ್ನೇ ಕಾಣುತ್ತಿತ್ತು. ಹಚ್ಚುತ್ತಾ ಹಚ್ಚುತ್ತಾ ಬೆರಳು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತುತ್ತಿತ್ತು. ಯಜಮಾನ ಮುಲುಗಿದರೆ ಮಾತ್ರ ಕೈ ಸಡಿಲಿಸುತ್ತಿದ್ದಳು.

ಹೀಗೆ ಬಾಯಿಗೆ ಬೀಗ ಹಾಕಿಕೊಂಡು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಟೀಚರಮ್ಮನನ್ನು ಅವರ ತಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಿಂದ ಕಂಬದಕ್ಕನಿಗೆ ಆ ಹೊತ್ತು ಬಿಡುವಾಯಿತು. ಸುಮ್ಮನೆ ರಸ್ತೆಯಲ್ಲಿ ಕೂರುವುದೇಕೆ ಎಂದು ಟೈರ್ ಅಂಗಡಿಯವರ ಮನೆಗೆ ಬೇಗನೇ ಬಂದಳು. ಪಕ್ಕದ ಓಣಿಯ ಬಾಗಿಲು ತೆರೆದೇ ಇತ್ತು. ಒಳಗೆ ಏನೋ ಬೀಸುವ ಸದ್ದು, ಅದರ ಹಿಂದೆಯೇ ಚಟೀರ್ ಎಂಬ ಸದ್ದು.

ಯಜಮಾನ ಊಟದ ಮೇಜಿನ ಕೆಳಗೆ ಸೇರಿಕೊಂಡಿದ್ದ. ಅಷ್ಟು ದೊಡ್ಡ ಮೈ ಅಲ್ಲಿ ಹಿಡಿಸದೆ ಬೆನ್ನು ಹೊರಗೆ ಉಳಿದಿತ್ತು. ಮುದುಕಿ ಲಾರಿ ಟ್ಯೂಬಿನಿಂದ ಕತ್ತರಿಸಿದ ದಪ್ಪ ರಬ್ಬರ್ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ಬೆನ್ನಿಗೆ ಬಾರಿಸುತ್ತಿದ್ದಳು. ಪ್ರತಿ ಏಟಿಗೂ ಅವಳ ಪಾದ ನೆಲದಿಂದ ಮೇಲೇಳುತ್ತಿತ್ತು. ಮೇಜಿನ ಕೆಳಗಿನಿಂದ ‘ಅವ್ವಾ, ಸಾಕು ಅವ್ವಾ, ಇನ್ ಮಾಡಲ್ಲ’ ಎಂಬ ಧ್ವನಿ ಬರುತ್ತಿತ್ತು. ಅವನು ಹೆಂಡತಿಯನ್ನೇ ತನ್ನ ತಾಯಿ ಎಂದುಕೊಂಡಿದ್ದ.

ಬರೀ ಬಾಸುಂಡೆ ಕಂಡಿದ್ದ ದಿನಗಳಲ್ಲಿ ಕಂಬದಕ್ಕನಿಗೆ ಇದು ನ್ಯಾಯ ಎನ್ನಿಸಿತ್ತು. ಕಣ್ಣಾರೆ ಕಂಡಾಗ ಒಳಗೆ ನುಗ್ಗಿದಳು.

‘ಅಮ್ಮಾ, ಬಿಡಿ!’ ಎಂದು ಪಟ್ಟಿಗೆ ಕೈ ಹಾಕಿದಳು. ಪಟ್ಟಿ ಅವಳ ಕೆನ್ನೆಗೆ ಬಿತ್ತು.

‘ನೀನು ಸುಮ್ನಿರು! ನಿನಗೇನು, ಬಾಗಿಲು ದಬ್ಬಿ ಬಂದೆ. ನನಗೆ ಬಾಗಿಲೇ ಸಿಗ್ಲಿಲ್ಲ!’ ಮುದುಕಿ ಏದುಸಿರು ಬಿಡುತ್ತಿದ್ದಳು. ‘ಯಾವತ್ತಿಂದ ಹೊಡೀತಿದೀನಿ ಗೊತ್ತಾ? ಒಂದಿನ ಊಟಕ್ಕೆ ಹಾಕ್ತಿದ್ದೆ. ನನ್ನ ಈ ಕೈ ನೋಡಿ, ಮುದ್ದಾಗಿ ಸವರಿ, “ಅಯ್ಯೋ, ಯಾರು ಹೀಗೆ ಮಾಡಿದ್ದು? ಹೇಳು, ಅವನ ಕೈಕಾಲು ಮುರೀತೀನಿ” ಅಂದ್ರು. ನನ್ನನ್ನ ಕೇಳ್ತಾರೆ! ಎಲ್ಲಾ ಮರೆತು ಹಾಯಾಗಿದಾರೆ. ನೆನಪಿಟ್ಕೊಳ್ಳೋಕೆ ನಾನೊಬ್ಬಳು. ಅವತ್ತು ಕೈ ಎತ್ತಿದೆ.’

‘ಆಯ್ತು ಅಮ್ಮಾ. ಈಗ ಕೊಡಿ ಅದನ್ನ.’

ಕಂಬದಕ್ಕ ಅವಳ ಮುಂಗೈ ಹಿಡಿದು ಪಟ್ಟಿ ಕಿತ್ತುಕೊಳ್ಳಲು ಎಳೆದಳು. ಮುದುಕಿ ‘ಅಮ್ಮಾ!’ ಎಂದು ಚೀರಿದಳು. ಕಂಬದಕ್ಕ ಅವಳ ಮುರಿದು ಸೊಟ್ಟಾಗಿದ್ದ ಕೈಯನ್ನೇ ಹಿಡಿದುಬಿಟ್ಟಿದ್ದಳು.

ಆ ಚೀರಾಟಕ್ಕೆ ಮೇಜು ಅಲುಗಾಡಿ ಮಗುಚಿ ಬಿತ್ತು. ತಟ್ಟೆ, ಲೋಟ, ಬೇಯಿಸಿದ ಮೊಟ್ಟೆ ಎಲ್ಲ ನೆಲದ ಪಾಲಾಯಿತು. ಯಜಮಾನ ಎದ್ದು ನಿಂತಿದ್ದ. ಬೆನ್ನಿನ ಬಾಸುಂಡೆ ಒಡೆದು ಅಂಗಿಗೆ ರಕ್ತ ಹತ್ತಿತ್ತು. ಅವನ ಕಣ್ಣಿಗೆ ಕಂಡದ್ದು ಇಷ್ಟೇ. ಯಾರೋ ಉದ್ದದ ಹೆಂಗಸು ತನ್ನ ತಾಯಿಯ ಕೈ ತಿರುಚುತ್ತಿದ್ದಾಳೆ.

‘ನಮ್ಮವ್ವನ್ನ ಬಿಡೇ!’

ಅಂಗಡಿಯ ಕಡೆಯ ಬಾಗಿಲ ಹಿಂದೆ ತುಕ್ಕು ಹಿಡಿದ ಜಾಕಿಯ ಹಿಡಿ ಒರಗಿಸಿಟ್ಟಿತ್ತು. ಊರು ಕೇರಿ ಮರೆತಿದ್ದ ಮನುಷ್ಯನಿಗೆ ಆ ಕಬ್ಬಿಣ ಎಲ್ಲಿದೆ ಎಂಬುದು ಕೈಗೆ ಗೊತ್ತಿತ್ತು. ಮೊದಲ ಏಟನ್ನು ಕಂಬದಕ್ಕ ತೋಳು ಅಡ್ಡ ಹಿಡಿದು ತಡೆದಳು. ಮೊಣಕೈ ಕೆಳಗೆ ಎಲುಬು ಮುರಿಯಿತು. ಒಣಗಿದ ಕಟ್ಟಿಗೆ ಮುರಿದಂಥ ಸದ್ದು. ಎರಡನೆಯದು ಭುಜಕ್ಕೆ ಬಿತ್ತು. ಅವಳು ಗೋಡೆಗೆ ಅಪ್ಪಳಿಸಿ ಕುಸಿದಳು. ಕಣ್ಣಿಗೆ ಕತ್ತಲೆ ಕವಿಯಿತು. ಹಣೆ ಯಾವುದಕ್ಕೋ ತಾಗಿ ರಕ್ತ ರೆಪ್ಪೆಯ ಮೇಲೆ ಇಳಿಯಿತು.

‘ಅಮ್ಮಾ, ಹಿಡೀರಿ ಅವರನ್ನ! ನಿಮ್ಮ ಮಾತು ಕೇಳ್ತಾರೆ!’ ಎಂದು ಕೂಗಿದಳು.

ಮುದುಕಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಗಂಡನ ಕೈಯಲ್ಲಿ ಆ ಕಬ್ಬಿಣ ಕಂಡಿದ್ದೇ, ಇಷ್ಟು ಹೊತ್ತು ಹುಲಿಯ ಹಾಗಿದ್ದವಳು ಒಲೆಯ ಮೂಲೆಗೆ ಸರಿದು, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ಮೊಣಕಾಲಿಗೆ ಹಣೆ ಒತ್ತಿ ಮುದುಡಿ ಕೂತುಬಿಟ್ಟಿದ್ದಳು. ‘ತಪ್ಪಾಯ್ತು ರೀ, ತಪ್ಪಾಯ್ತು ರೀ’ ಎಂದು ಒಂದೇ ಸಮನೆ ಹೇಳುತ್ತಿದ್ದಳು.

ಮೂರನೆಯ ಏಟು ಬಿದ್ದಿದ್ದರೆ ಕಂಬದಕ್ಕ ಉಳಿಯುತ್ತಿರಲಿಲ್ಲ. ಅವಳು ಕಾಲು ಚಾಚಿ ಅವನ ಕಣಕಾಲಿಗೆ ಕೊಕ್ಕೆ ಹಾಕಿ ಎಳೆದಳು. ಆ ದೊಡ್ಡ ಮೈ ಬುಡ ಕಡಿದ ಮರದ ಹಾಗೆ ಉರುಳಿತು. ಅವಳು ಅವನ ಎದೆಯ ಮೇಲೆ ಏರಿ ಕೂತು, ಸರಿಯಿದ್ದ ಕೈಯಿಂದ ಗಂಟಲು ಒತ್ತಿ ಹಿಡಿದಳು. ಅವನು ಕಾಲು ಬಡಿದ. ಅವಳು ಇನ್ನೂ ಒತ್ತಿದಳು. ಅವನ ಮುಖ ಕೆಂಪೇರಿ ಕಪ್ಪಿಡುತ್ತಿರುವುದು ಕಾಣುತ್ತಿತ್ತು. ಕೈ ತೆಗೆಯಬೇಕೆಂಬುದೂ ಗೊತ್ತಿತ್ತು. ಕೈ ಬರಲಿಲ್ಲ. ಅವನು ಕಾಲು ಬಡಿಯುವುದನ್ನು ನಿಲ್ಲಿಸಿ, ಅವಳ ಮೇಲಂಗಿಯ ಗುಂಡಿಯನ್ನು ಹಿಡಿದುಕೊಂಡ. ಎಳೆಯಲಿಲ್ಲ, ಸುಮ್ಮನೆ ಹಿಡಿದುಕೊಂಡ. ಆಗ ಅವಳು ಕೈ ಕಿತ್ತುಕೊಂಡಳು.

ಅವನು ಕೆಮ್ಮಿದ, ಉಸಿರೆಳೆದುಕೊಂಡ, ಅಳತೊಡಗಿದ. ಅವಳು ಅವನ ಮೇಲಿಂದ ಉರುಳಿ ಅಲ್ಲೇ ಬಿದ್ದುಕೊಂಡಳು. ಸದ್ದು ಕೇಳಿ ಎದುರಿನ ಗ್ಯಾರೇಜಿನವರು ಓಡಿ ಬಂದಾಗ ಮೂವರೂ ಹಾಗೆಯೇ ಇದ್ದರು. ಯಾರನ್ನು ಯಾರಿಂದ ಬಿಡಿಸಬೇಕು ಎಂದು ತಿಳಿಯದೆ ಅವರು ಬಾಗಿಲಲ್ಲೇ ನಿಂತರು.

ಆಸ್ಪತ್ರೆಗೆ ಮೇಲ್ವಿಚಾರಕಿ ಬಂದಳು. ಒಳ್ಳೆಯ ಹೆಂಗಸು. ಹಣ್ಣು ತಂದಿದ್ದಳು. ಪೊಲೀಸರಿಗೆ ಹೇಳುವುದನ್ನು ಸುಲಭ ಮಾಡಿಕೊಡುವ ಮನಸ್ಸಿತ್ತು ಅವಳಿಗೆ.

‘ತಲೆ ಸರಿಯಿಲ್ಲದ ಮನುಷ್ಯ ಹೊಡೆದ. ಅಷ್ಟೇ ತಾನೇ? ಅವರನ್ನ ಮುಚ್ಚಿದ ವಾರ್ಡಿಗೆ, ಇಂಥವರನ್ನ ಬೀಗ ಹಾಕಿ ನೋಡ್ಕೊಳ್ಳೋ ಕಡೆ, ಕಳಿಸ್ತೀವಿ. ನಿನ್ನ ಚಿಕಿತ್ಸೆ ಪೂರ್ತಿ ಇಲಾಖೆದು.’

‘ಅಷ್ಟೇ ಅಲ್ಲ ಮೇಡಂ,’ ಎಂದಳು ಕಂಬದಕ್ಕ. ಹೊಲಿಗೆ ಹಾಕಿದ ಹಣೆ ಬಿಗಿಯುತ್ತಿತ್ತು. ಮೊದಲಿಂದ ಎಲ್ಲ ಹೇಳಿದಳು. ಬಾಸುಂಡೆ ಕಂಡದ್ದು, ಬಾಯಿ ಮುಚ್ಚಿಕೊಂಡದ್ದು, ಮುಲಾಮು ಹಚ್ಚುವಾಗ ಒತ್ತಿದ್ದು, ಗಂಟಲು ಹಿಸುಕಿದ್ದು. ಮೇಲ್ವಿಚಾರಕಿಯ ಮುಖ ಸಣ್ಣಗಾಯಿತು.

‘ಹೀಗೆಲ್ಲ ಹೇಳಿದ್ರೆ ನಿನ್ನ ಕೆಲಸಕ್ಕೇ ಕುತ್ತು, ಗೊತ್ತಾ?’

‘ಗೊತ್ತು. ಆ ಅಮ್ಮನಿಗೆ ಏನ್ ಮಾಡ್ತೀರಿ?’

‘ಮಾಡೋದೇನು? ಗಂಡನ್ನ ನೋಡ್ಕೊಳ್ಳೋಕೆ ಅಂತ ಸರ್ಕಾರದ ದುಡ್ಡು ತಗೊಂಡು ಹೊಡೆದಿದಾರೆ. ಕೇಸಾಗತ್ತೆ.’

ಕಂಬದಕ್ಕ ದಿಂಬಿನಿಂದ ತಲೆ ಎತ್ತಿದಳು. ‘ದುಡ್ಡು ಕೊಡೋವಾಗ ಅವರನ್ನ ಒಂದು ಮಾತು ಕೇಳಿದ್ರಾ ಮೇಡಂ? ಈ ಗಂಡನ್ನ ನೋಡ್ಕೊಳ್ಳೋಕೆ ನಿಮಗೆ ಇಷ್ಟ ಇದೆಯಾ ಅಂತ? ಅವರ ಕೈ ಸೊಟ್ಟಗಿರೋದು ಯಾಕೆ ಅಂತ? ಹೆಂಡತಿ ಇದಾಳೆ, ನೋಡ್ಕೊಳ್ತಾಳೆ ಅಂತ ಬರ್ಕೊಂಡ್ರಿ. ಅವರಿಗೂ ಎಪ್ಪತ್ತು ದಾಟಿದೆ. ಅವರನ್ನ ನೋಡ್ಕೊಳ್ಳೋರು ಯಾರು?’

ಮೇಲ್ವಿಚಾರಕಿಗೆ ಸಿಟ್ಟು ಬಂದಿತ್ತು, ಆದರೂ ಎದ್ದು ಹೋಗಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಮುದುಕಿಯ ವಯಸ್ಸು ಬರೆದುಕೊಂಡಳು.

ಕೇಸು ಆಯಿತು. ನ್ಯಾಯಾಲಯದಲ್ಲಿ ಮುದುಕಿ ಯಾವುದನ್ನೂ ಅಲ್ಲಗಳೆಯಲಿಲ್ಲ. ‘ಹೊಡೆದೆ ಸ್ವಾಮಿ’ ಎಂದಳು. ಯಾಕೆ ಎಂದಾಗ ಕೈ ಎತ್ತಿ ತೋರಿಸಿದಳು. ವಯಸ್ಸು ನೋಡಿ ಜೈಲಿಗೆ ಕಳಿಸಲಿಲ್ಲ, ಎಚ್ಚರಿಕೆ ಕೊಟ್ಟು ಬಿಟ್ಟರು. ಕಂಬದಕ್ಕನನ್ನು ಕೆಲಸದಿಂದ ದೂರ ಇಟ್ಟರು. ತೋಳು ಕೂಡಿಕೊಳ್ಳುವವರೆಗೆ ತಂಗಿಯ ಮನೆಯಲ್ಲಿ ಬಟ್ಟೆ ಮಡಚಿಕೊಂಡು ದಿನ ತಳ್ಳಿದಳು. ಕನಸಿನಲ್ಲಿ ತನ್ನ ಕೈ ಯಾರದೋ ಗಂಟಲ ಮೇಲಿರುತ್ತಿತ್ತು. ಮುಖ ಒಮ್ಮೆ ಗಂಡನದು, ಒಮ್ಮೆ ಟೈರ್ ಅಂಗಡಿಯವನದು. ತಂಗಿ ಎಬ್ಬಿಸಿ ನೀರು ಕೊಡುತ್ತಿದ್ದಳು.

ಮೇಲ್ವಿಚಾರಕಿಯೇ ಕೊನೆಗೆ ಅವಳನ್ನು ವಾಪಸು ಕರೆಸಿದಳು. ಮನೆಗಳಿಗಲ್ಲ, ಮುಚ್ಚಿದ ವಾರ್ಡಿಗೆ. ‘ಅಲ್ಲಿ ಇಬ್ಬಿಬ್ಬರು ಜೊತೆಗಿರ್ತೀರಿ. ಒಬ್ಬರಿಗೆ ಸಿಟ್ಟು ಬಂದ್ರೆ ಇನ್ನೊಬ್ಬರು ಹಿಡೀಬೇಕು’ ಎಂದಳು. ಆ ವಾರ್ಡಿನಲ್ಲಿ ಟೈರ್ ಅಂಗಡಿಯವನಿದ್ದ. ಬಂದ ಹೊಸದರಲ್ಲಿ ಒಬ್ಬನ ಮೂಗು ಒಡೆದಿದ್ದ. ಅವನನ್ನು ಮಂಚಕ್ಕೆ ಪಟ್ಟಿ ಹಾಕಿ ಕಟ್ಟುತ್ತಿದ್ದರು. ಕಂಬದಕ್ಕ ಅವನಿಗೆ ಉಣಿಸಿದಳು. ಪ್ರೀತಿ ಏನೂ ಬರಲಿಲ್ಲ. ಉಗುಳಿದರೆ ಒರೆಸಿದಳು, ಕಚ್ಚಿದರೆ ಬೈದಳು. ಬೆನ್ನು ಉಜ್ಜುವಾಗ ಮಾತ್ರ ಜೊತೆಗಿದ್ದವಳನ್ನು ಹತ್ತಿರ ನಿಲ್ಲಿಸಿಕೊಳ್ಳುತ್ತಿದ್ದಳು. ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಅವನು ಸತ್ತ.

ಸುದ್ದಿ ಹೇಳಲು ಅವಳೇ ಹೋದಳು. ಈಗ ಆ ಮನೆಗೆ ಬೇರೊಬ್ಬ ಸಹಾಯಕಿ ಬರುತ್ತಿದ್ದಳು, ಮುದುಕಿಯ ಸಲುವಾಗಿ. ಎಪ್ಪತ್ತು ದಾಟಿದ ಹೆಂಗಸು ಎಂದು ಅವಳ ಹೆಸರಿಗೇ ನೆರವು ಮಂಜೂರಾಗಿತ್ತು. ಮೊದಲು ಬಂದ ಇಬ್ಬರನ್ನು ಮುದುಕಿ ಕಿರುಚಾಡಿ ಓಡಿಸಿದ್ದಳಂತೆ. ಮೂರನೆಯವಳಿಗೆ ಕಿವಿ ಮಂದ, ಹಾಗಾಗಿ ಉಳಿದುಕೊಂಡಿದ್ದಳು.

ಮುದುಕಿ ಊಟ ಮಾಡುತ್ತಿದ್ದಳು. ಕೇಳಿ, ಅಗಿಯುತ್ತಿದ್ದ ತುತ್ತು ನುಂಗಿದಳು.

‘ಕೊನೆಗೆ ಏನಾದ್ರೂ ನೆನಪಾಯ್ತಾ ಅವರಿಗೆ?’

‘ಇಲ್ಲಮ್ಮಾ.’

ಮುದುಕಿ ತಟ್ಟೆ ಎತ್ತಿ ಗೋಡೆಗೆ ಎಸೆದಳು. ಗಾಜಿನ ಲೋಟ ಎಸೆದಳು. ಪಕ್ಕದಲ್ಲಿದ್ದ ಚಮಚ, ಉಪ್ಪಿನ ಡಬ್ಬಿ, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದಳು. ಕಿವಿ ಮಂದದ ಸಹಾಯಕಿಯೂ ಓಡಿ ಬಂದಳು. ಕಂಬದಕ್ಕ ತಡೆಯಲಿಲ್ಲ, ಹತ್ತಿರವೂ ಹೋಗಲಿಲ್ಲ. ಎಸೆಯಲು ಏನೂ ಉಳಿಯದಾದಾಗ ಮುದುಕಿ ಸ್ಟೂಲಿನ ಮೇಲೆ ಕೂತು, ‘ಅಂತ್ಯಕ್ರಿಯೆಗೆ ನಾನು ಬರಲ್ಲ’ ಎಂದಳು.

‘ಬರಬೇಡಿ. ನಾನಿರ್ತೀನಿ.’

‘ನೀನ್ಯಾಕೆ?’

‘ನನ್ನ ಪಾಳಿ ಅದು,’ ಎಂದಳು ಕಂಬದಕ್ಕ. ನೆಲದ ಮೇಲಿನ ಚೂರುಗಳನ್ನು ಗುಡಿಸಲು ಸಹಾಯಕಿಗೆ ಕೈ ಜೋಡಿಸಿ, ಮುದುಕಿಯ ಪಾದಕ್ಕೆ ಗಾಜು ತಾಗಿದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಬಾಗಿಲಲ್ಲಿ ತಲೆ ತಗ್ಗಿಸಿ ಹೊರಗೆ ಬಂದಳು. ವಾರ್ಡಿನಲ್ಲಿ ಸಂಜೆಯ ಊಟದ ಹೊತ್ತಾಗುತ್ತಿತ್ತು.